‘ಉಷ್ಣ’ವೆಂದು ಬಿಡಬಾರದ ಹುಣ್ಣುಗಳು

ರೋಗಗಳಲ್ಲಿಯೂ ಮೇಲು ಕೀಳೆಂಬ ಎಣಿಕೆಯನ್ನು ನಮ್ಮ ಮನೆಗಳು ಇಟ್ಟುಕೊಂಡಿವೆ. ಹಿರಿಯರೊಬ್ಬರಿಗೆ ಎದೆನೋವು ಬಂದಿತೆಂದರೆ ಬಂಧುಬಳಗವೆಲ್ಲ ಹಣ್ಣುಹಂಪಲು ಹಿಡಿದು ವಿಚಾರಿಸಲು ಬರುತ್ತದೆ. ಅದೇ ಹಿರಿಯರ ತೊಡೆಯ ಮೇಲೆ ಕುರುವೊಂದು ಎದ್ದು ನಾಲ್ಕು ರಾತ್ರಿ ನಿದ್ದೆಗೆಡಿಸಿದರೆ, ‘ಉಷ್ಣವಾಗಿದೆ, ಎಳನೀರು ಕುಡಿಯಿರಿ’ ಎಂಬ ಒಂದೇ ಮಾತಿನಲ್ಲಿ ವಿಚಾರಣೆ ಮುಗಿಯುತ್ತದೆ. ಮಗುವಿನ ಬಾಯಿಯ ಸುತ್ತ ಹುಣ್ಣಾದರೂ ಅದೇ ಮಾತು, ಉಗುರುಸುತ್ತಾದರೂ ಅದೇ ಮಾತು, ಕಾಲು ಕೆಂಪಾಗಿ ಬಾತರೂ ಅದೇ ಮಾತು. ಇಷ್ಟೊಂದು ಬಗೆಯ ವ್ಯಾಧಿಗಳಿಗೆ ಒಂದೇ ಕಾರಣವನ್ನು ಹೇಳಿ ಸುಮ್ಮನಾಗುವ ಈ ರೂಢಿಯಿಂದ ಎಷ್ಟು ಹಾನಿಯಾಗುತ್ತದೆ ಎಂಬುದನ್ನು ನನ್ನ ಕಣ್ಣಾರೆ ಕಂಡಿದ್ದೇನೆ. ಆದುದರಿಂದಲೇ ಈ ಲೇಖನ.

ನಾನು ವೈದ್ಯನಲ್ಲ. ಬಾಲ್ಯದಲ್ಲಿಯೇ ಮಠದ ಆಶ್ರಯಕ್ಕೆ ಬಂದು, ಅಲ್ಲಿಯ ಪಾಠಶಾಲೆಯಲ್ಲಿ ಸಂಸ್ಕೃತ ಕನ್ನಡಗಳನ್ನು ಕಲಿತು, ಮುಂದೆ ಅವನ್ನೇ ಸುಮಾರು ನಲವತ್ತು ವರ್ಷಗಳ ಕಾಲ ಹುಡುಗರಿಗೆ ಹೇಳಿಕೊಟ್ಟವನು. ಆದರೆ ವಿದ್ಯಾರ್ಥಿನಿಲಯಗಳಲ್ಲಿ ಬಾಳಿದವನಿಗೆ ಮಕ್ಕಳ ಮೈಮೇಲಿನ ಹುಣ್ಣುಗಳ ಪರಿಚಯ ಶಬ್ದರೂಪಗಳ ಪರಿಚಯದಷ್ಟೇ ನಿಕಟವಾಗಿರುತ್ತದೆ. ಕಂಡದ್ದನ್ನು ವೈದ್ಯಮಿತ್ರರಿಂದ ಕೇಳಿ, ಗ್ರಂಥಗಳಿಂದ ಓದಿ ತಿಳಿದುಕೊಂಡುದನ್ನು ಗೃಹಸ್ಥ ಬಂಧುಗಳ ಮುಂದೆ ಇಡುತ್ತಿದ್ದೇನೆ. ಇದು ವೈದ್ಯರ ಬಳಿಗೆ ಹೋಗಲು ದಾರಿ ತೋರಬೇಕೇ ಹೊರತು ಅವರ ಸ್ಥಾನವನ್ನು ತುಂಬಲಾರದು.

ಬರಗಾಲದ ವರ್ಷದ ಪಾಠ

1972ರಲ್ಲಿ ಉತ್ತರ ಕರ್ನಾಟಕದ ನಮ್ಮ ಭಾಗಕ್ಕೆ ಭೀಕರ ಬರಗಾಲ ಬಂದಿತು. ನಾನಾಗ ಹನ್ನೊಂದು ವರ್ಷದ ಹುಡುಗ. ಮಠದ ಬಾವಿ ಬತ್ತಿ, ನೀರನ್ನು ದೂರದಿಂದ ಬಂಡಿಯಲ್ಲಿ ತರಬೇಕಾಯಿತು. ಅನ್ನಕ್ಕೆ ಕೊರತೆಯಾಗದಂತೆ ಪೂಜ್ಯರು ನೋಡಿಕೊಂಡರಾದರೂ ಸ್ನಾನ ವಾರಕ್ಕೆ ಎರಡು ಸಲಕ್ಕೆ ಇಳಿಯಿತು. ಬಟ್ಟೆ ಒಗೆಯುವುದು ಇನ್ನೂ ಅಪರೂಪವಾಯಿತು. ಒಂದು ದೊಡ್ಡ ಪಡಸಾಲೆಯಲ್ಲಿ ಅರವತ್ತು ಹುಡುಗರು ಚಾಪೆಗೆ ಚಾಪೆ ತಾಗಿಸಿ ಮಲಗುತ್ತಿದ್ದೆವು. ಕೈಕಾಲು ಒರೆಸಿಕೊಳ್ಳಲು ನಾಲ್ಕೈದು ಜನಕ್ಕೆ ಒಂದು ವಸ್ತ್ರ. ಮೊದಲು ಇಬ್ಬರಿಗೆ ಬೆರಳ ಸಂದಿಯಲ್ಲಿ ತುರಿಕಜ್ಜಿಯಾಯಿತು. ಹದಿನೈದು ದಿನ ಕಳೆಯುವಷ್ಟರಲ್ಲಿ ಅರ್ಧ ಪಡಸಾಲೆಯ ಹುಡುಗರು ರಾತ್ರಿಯೆಲ್ಲ ತುರಿಸಿಕೊಳ್ಳುತ್ತಿದ್ದರು. ಅನೇಕರ ಕೈ, ಮೊಣಕಾಲು, ಪೃಷ್ಠಗಳ ಮೇಲೆ ಕೀವು ತುಂಬಿದ ಹುಣ್ಣುಗಳು ಎದ್ದಿದ್ದವು.

ಬರದ ಬಿಸಿಲಿಗೆ ಉಷ್ಣವಾಗಿದೆ ಎಂದೇ ಎಲ್ಲರ ನಂಬಿಕೆ. ಪೂಜ್ಯರು ತಾಲೂಕಿನಿಂದ ವೈದ್ಯರೊಬ್ಬರನ್ನು ಕರೆಸಿದರು. ಅವರು ಹುಡುಗರನ್ನು ಒಬ್ಬೊಬ್ಬರನ್ನಾಗಿ ನೋಡಿ, ಕೊನೆಗೆ ಹಗ್ಗದ ಮೇಲೆ ತೂಗುಬಿಟ್ಟಿದ್ದ ವಸ್ತ್ರಗಳನ್ನು ನೋಡಿ ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ: “ಅಜ್ಜಾವರ, ಇವು ಉಷ್ಣದ ಹುಣ್ಣಲ್ರಿ, ಈ ವಸ್ತ್ರದ ಹುಣ್ಣು.” ತುರಿಕಜ್ಜಿಗೆ ಕಾರಣವಾದುದು ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿ. ಅದನ್ನು ತುರಿಸಿದ ಉಗುರಿನಿಂದ ಚರ್ಮ ಗೀರಿ, ಆ ಗೀರಿನ ಮೂಲಕ ಕೀವಿನ ರೋಗಾಣು ಒಳಹೊಕ್ಕಿತ್ತು. ಒಬ್ಬನ ಕೀವು ಎಲ್ಲರ ವಸ್ತ್ರದ ಮೂಲಕ ಎಲ್ಲರ ಮೈಗೂ ಹಬ್ಬಿತ್ತು.

ಅಂದಿನಿಂದ ಪೂಜ್ಯರು ಒಂದು ಕಟ್ಟಳೆ ಮಾಡಿದರು. ಪ್ರತಿಯೊಬ್ಬ ಹುಡುಗನಿಗೂ ಬೇರೆ ವಸ್ತ್ರ, ಅದರ ಅಂಚಿಗೆ ಬಣ್ಣದ ದಾರದಲ್ಲಿ ಅವನ ಸಂಖ್ಯೆ. ಉಗುರು ವಾರಕ್ಕೊಮ್ಮೆ ಕತ್ತರಿಸಬೇಕು. ಬಟ್ಟೆಗಳನ್ನು ಕೊಪ್ಪರಿಗೆಯಲ್ಲಿ ಕುದಿಸಬೇಕು. ಕುದಿಸುವುದಕ್ಕೆ ನೀರೆಲ್ಲಿ ಎಂದು ಅಡುಗೆಯವರು ಕೇಳಿದಾಗ ಪೂಜ್ಯರು ತಮ್ಮ ಸ್ನಾನಕ್ಕೆಂದು ತೆಗೆದಿರಿಸುತ್ತಿದ್ದ ನೀರನ್ನು ತೋರಿಸಿದರು. ವೈದ್ಯರು ಕೊಟ್ಟ ಔಷಧವನ್ನು ಎಲ್ಲ ಹುಡುಗರಿಗೂ ಒಂದೇ ದಿನ ಹಚ್ಚಿಸಲಾಯಿತು. ತಿಂಗಳೊಪ್ಪತ್ತಿನಲ್ಲಿ ಪಡಸಾಲೆ ನಿದ್ದೆಮಾಡತೊಡಗಿತು. ಬಿಸಿಲು ಅಷ್ಟೇ ಇತ್ತು, ಬರವೂ ಹಾಗೆಯೇ ಇತ್ತು. ಹುಣ್ಣು ಮಾತ್ರ ಹೋಗಿತ್ತು. ಕಾರಣ ಯಾವುದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕೆ?

ಗೊಂಚಲು ಮತ್ತು ಸರಪಳಿ

ಚರ್ಮವು ದೇಹದ ಅತಿ ದೊಡ್ಡ ಅಂಗ. ಅದರ ಮೇಲೆ ಸದಾಕಾಲ ಅಸಂಖ್ಯಾತ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ಅವುಗಳಲ್ಲಿ ಬಹುಪಾಲು ನಿರುಪದ್ರವಿಗಳು, ಕೆಲವು ಉಪಕಾರಿಗಳು. ಕೀವು ತರುವ ಸಾಮಾನ್ಯ ಚರ್ಮರೋಗಗಳಿಗೆಲ್ಲ ಮುಖ್ಯ ಕಾರಣ ಎರಡೇ ಕುಲಗಳು.

ಸ್ಕಾಟ್ಲೆಂಡಿನ ಅಬರ್ಡೀನ್ ಪಟ್ಟಣದಲ್ಲಿ ಅಲೆಕ್ಸಾಂಡರ್ ಆಗ್‌ಸ್ಟನ್ ಎಂಬ ಶಸ್ತ್ರವೈದ್ಯರಿದ್ದರು. ಬಾವು ಕೊಯ್ದಾಗ ಹೊರಬರುವ ಕೀವನ್ನು 1880ರಲ್ಲಿ ಅವರು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ದುಂಡನೆಯ ಕಣಗಳು ದ್ರಾಕ್ಷಿಯ ಗೊಂಚಲಿನಂತೆ ಕೂಡಿಕೊಂಡಿರುವುದು ಕಂಡಿತು. ಗ್ರೀಕ್ ಭಾಷೆಯ ದ್ರಾಕ್ಷಿಗೊಂಚಲೆಂಬ ಪದದಿಂದಲೇ 1882ರಲ್ಲಿ ಅವರು ಅದಕ್ಕೆ ಸ್ಟೆಫಿಲೊಕಾಕಸ್ ಎಂದು ಹೆಸರಿಟ್ಟರು. ಎರಡು ವರ್ಷಗಳ ನಂತರ ಜರ್ಮನಿಯ ರೋಸೆನ್‌ಬಾಕ್ ಎಂಬವರು ಅದನ್ನು ಬೆಳೆಸಿ ನೋಡಿ, ಅದರ ಹೊಂಬಣ್ಣಕ್ಕಾಗಿ ‘ಆರಿಯಸ್’, ಅಂದರೆ ಸುವರ್ಣವರ್ಣದ್ದು ಎಂಬ ವಿಶೇಷಣವನ್ನು ಕೂಡಿಸಿದರು. ಇನ್ನೊಂದು ಕುಲದ ಕಣಗಳು ಸರಪಳಿಯಂತೆ ಸಾಲುಗೂಡುತ್ತವೆ, ಅದು ಸ್ಟ್ರೆಪ್ಟೊಕಾಕಸ್. ಓದುಗರ ಅನುಕೂಲಕ್ಕಾಗಿ ಇವನ್ನು ಗೊಂಚಲಾಣು, ಸರಪಳಿಯಾಣು ಎಂದು ಕರೆಯೋಣ.

ಸುಮಾರು ಹತ್ತು ಜನರಲ್ಲಿ ಮೂವರ ಮೂಗಿನೊಳಗೆ ಈ ಗೊಂಚಲಾಣು ಯಾವ ತೊಂದರೆಯನ್ನೂ ಕೊಡದೆ ಮನೆಮಾಡಿಕೊಂಡಿರುತ್ತದೆ. ಮೂಗಿನಿಂದ ಬೆರಳಿಗೆ, ಬೆರಳಿನಿಂದ ಗಾಯಕ್ಕೆ ಅದರ ಪ್ರಯಾಣ. ಅಖಂಡವಾದ ಚರ್ಮವನ್ನು ಅದು ಸುಲಭವಾಗಿ ದಾಟಲಾರದು. ಗೀರು, ಸೊಳ್ಳೆಕಡಿತ, ಕ್ಷೌರದ ಕತ್ತಿಯ ಗಾಯ, ಹಿಮ್ಮಡಿಯ ಬಿರುಕು, ಕಾಲ್ಬೆರಳ ಸಂದಿಯ ಕೆಸರುಹುಣ್ಣು, ಕಜ್ಜಿ, ಬೆವರುಸಾಲೆ, ಇವು ಅದಕ್ಕೆ ತೆರೆದ ಬಾಗಿಲುಗಳು. ಸೆಕೆಯಲ್ಲಿ ಇಂತಹ ಹುಣ್ಣುಗಳು ಹೆಚ್ಚುವುದು ನಿಜ. ಹಿರಿಯರು ಅದನ್ನು ಗಮನಿಸಿದ್ದರು. ಆದರೆ ಒಳಗಿನ ಉಷ್ಣ ಹೊರಗೆ ಉಕ್ಕುವುದು ಅದಕ್ಕೆ ಕಾರಣವಲ್ಲ. ಬೆವರಿನಿಂದ ನೆನೆದ, ಉಜ್ಜಿದ, ತುರಿಸಿದ ಚರ್ಮದಲ್ಲಿ ಬಾಗಿಲುಗಳು ಹೆಚ್ಚುವುದೇ ಕಾರಣ.

ಇಲ್ಲಿ ಒಂದು ವಿವೇಚನೆ ಬೇಕು. ಚರ್ಮದ ಎಲ್ಲ ವ್ಯಾಧಿಯೂ ಬ್ಯಾಕ್ಟೀರಿಯಾದಿಂದ ಬಂದುದಲ್ಲ. ಹುಳುಕಡ್ಡಿಗೆ ಶಿಲೀಂಧ್ರ ಕಾರಣ. ಸರ್ಪಸುತ್ತಿಗೆ ವೈರಸ್ ಕಾರಣ. ತುರಿಕಜ್ಜಿಗೆ ನುಸಿ ಕಾರಣ. ಒಂದಕ್ಕೆ ಹೇಳಿದ ಮದ್ದು ಇನ್ನೊಂದಕ್ಕೆ ಸಲ್ಲದು.

ಮಕ್ಕಳ ಬಾಯಿಸುತ್ತಿನ ಹುಣ್ಣು

ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಅತಿಯಾಗಿ ಕಾಣುವುದು ಮೂಗು ಬಾಯಿಗಳ ಸುತ್ತ ಏಳುವ ಹುಣ್ಣು. ವೈದ್ಯರು ಇದನ್ನು ಇಂಪೆಟೈಗೊ ಎನ್ನುತ್ತಾರೆ. ಮೊದಲು ಚಿಕ್ಕ ಕೆಂಪು ಗುಳ್ಳೆ. ಅದು ಒಡೆದು ರಸ ಒಸರುತ್ತದೆ. ರಸ ಒಣಗಿ ಜೇನುತುಪ್ಪದ ಬಣ್ಣದ ಹಕ್ಕಳೆಯಾಗುತ್ತದೆ. ಜೇನಿನ ಬಣ್ಣದ ಹಕ್ಕಳೆಯೇ ಇದರ ಗುರುತು. ಇನ್ನೊಂದು ಬಗೆಯಲ್ಲಿ ಸುಟ್ಟಾಗ ಏಳುವಂತಹ ದೊಡ್ಡ ನೀರುಗುಳ್ಳೆಗಳೇಳುತ್ತವೆ. ಇದು ಹಸುಗೂಸುಗಳಲ್ಲಿ ಹೆಚ್ಚು. ನೋವು ಕಡಿಮೆ, ನವೆ ಹೆಚ್ಚು. ಮಗು ತುರಿಸಿದ ಬೆರಳಿನಿಂದಲೇ ಇನ್ನೊಂದು ಕಡೆ ಮುಟ್ಟಿಕೊಂಡು ಹುಣ್ಣನ್ನು ಹರಡಿಕೊಳ್ಳುತ್ತದೆ. ಅದೇ ಬೆರಳು ತಂಗಿಯ ಕೆನ್ನೆಯನ್ನೂ ಮುಟ್ಟುತ್ತದೆ.

ಇದು ಬೇಗ ಗುಣವಾಗುವ ರೋಗ. ಕಡಿಮೆ ಹುಣ್ಣುಗಳಿದ್ದರೆ ಸಾಬೂನು ನೀರಿನಿಂದ ಹಕ್ಕಳೆಯನ್ನು ನೆನೆಸಿ ಮೆಲ್ಲಗೆ ತೆಗೆದು, ವೈದ್ಯರು ಬರೆದುಕೊಟ್ಟ ಮುಲಾಮನ್ನು ಹಚ್ಚಿದರೆ ಸಾಕಾಗುತ್ತದೆ. ಹೆಚ್ಚಾಗಿದ್ದರೆ ಒಳಗೆ ಔಷಧ ಬೇಕಾಗುತ್ತದೆ. ಆದರೆ ಒಂದು ಸಂಗತಿಯನ್ನು ತಾಯಂದಿರು ಅವಶ್ಯವಾಗಿ ತಿಳಿದಿರಬೇಕು. ಸರಪಳಿಯಾಣುವಿನಿಂದ ಹುಣ್ಣಾಗಿದ್ದ ಕೆಲವು ಮಕ್ಕಳಲ್ಲಿ, ಹುಣ್ಣು ಮಾಯುತ್ತ ಬಂದ ಸುಮಾರು ಮೂರು ವಾರಗಳ ನಂತರ, ಮೂತ್ರಪಿಂಡಗಳಿಗೆ ಉರಿಯೂತ ಬರುವುದುಂಟು. ನಿಲಯದಲ್ಲಿ ನಾನು ಮೇಲ್ವಿಚಾರಕನಾಗಿದ್ದಾಗ ಹೀಗೆಯೇ ಆಯಿತು. ಊರಿನಿಂದ ರಜೆ ಮುಗಿಸಿ ಬಂದ ಹುಡುಗನೊಬ್ಬನ ಕಾಲಿನ ಹುಣ್ಣುಗಳು ಒಣಗಿ ಕಲೆಯಷ್ಟೇ ಉಳಿದಿದ್ದವು. ಒಂದು ಮುಂಜಾನೆ ಅವನ ಕಣ್ಣರೆಪ್ಪೆಗಳು ಊದಿಕೊಂಡಿದ್ದವು. ನಿದ್ದೆಗೆಟ್ಟಿರಬೇಕೆಂದು ಜೊತೆಯವರು ನಕ್ಕರು. ಮೂತ್ರ ಕರಿಚಹದಂತೆ ಬರುತ್ತಿದೆಯೆಂದು ಅವನು ನಾಚುತ್ತ ನನ್ನ ಕಿವಿಯಲ್ಲಿ ಹೇಳಿದ. ಅಂದೇ ಅವನನ್ನು ಜಿಲ್ಲೆಯ ಆಸ್ಪತ್ರೆಗೆ ಕರೆದೊಯ್ದೆ. ರಕ್ತದ ಒತ್ತಡ ಏರಿತ್ತು. ಎರಡು ವಾರ ಉಪ್ಪು ನೀರುಗಳ ಮಿತಿಯಲ್ಲಿಟ್ಟು ಉಪಚರಿಸಿದ ಮೇಲೆ ಪೂರ್ಣ ಗುಣವಾಗಿ ಬಂದ. ಬಹುಪಾಲು ಮಕ್ಕಳು ಹೀಗೆ ಗುಣವಾಗುತ್ತಾರೆ. ಗುರುತಿಸದೆ ಬಿಟ್ಟರೆ ಅಪಾಯ. ಹುಣ್ಣು ಮಾದ ಮೇಲೂ ಒಂದು ತಿಂಗಳು ಮಗುವಿನ ಮುಖವನ್ನೂ ಮೂತ್ರದ ಬಣ್ಣವನ್ನೂ ಗಮನಿಸುತ್ತಿರಬೇಕೆಂದು ಹೇಳುವುದು ಇದಕ್ಕಾಗಿ.

ಕುರು, ಬೆನ್ನುಫಣಿ ಮತ್ತು ಸಕ್ಕರೆ

ಕೂದಲಿನ ಬುಡಕ್ಕೆ ಸೋಂಕು ತಗಲಿದಾಗ ಮೊದಲು ಅಲ್ಲೊಂದು ಚಿಕ್ಕ ಕೀವುಗುಳ್ಳೆ ಏಳುತ್ತದೆ. ಗಡ್ಡ ಹೆರೆಯುವ ಕಡೆ, ತೊಡೆ, ಕಂಕುಳು, ಕುತ್ತಿಗೆಗಳಲ್ಲಿ ಇದು ಸಾಮಾನ್ಯ. ಕೊರಳಲ್ಲಿ ಲಿಂಗವನ್ನು ಧರಿಸುವ ನಾವು ಬೆವರಿನಿಂದ ನೆನೆದ ಶಿವದಾರವನ್ನು ಆಗಾಗ ಒಗೆದು ಒಣಗಿಸದಿದ್ದರೆ ಕುತ್ತಿಗೆಯ ಚರ್ಮ ಉಜ್ಜಿ ಅಲ್ಲಿಯೂ ಇಂತಹ ಗುಳ್ಳೆಗಳೇಳುತ್ತವೆ. ಸೋಂಕು ಕೂದಲಿನ ಬುಡದಿಂದ ಆಳಕ್ಕಿಳಿದರೆ ಅದೇ ಕುರು: ಕೆಂಪಗೆ, ಗಟ್ಟಿಯಾಗಿ, ಮುಟ್ಟಿದರೆ ಬಿಸಿಯಾಗಿ, ನೋವಿನಿಂದ ಕೂಡಿ, ಕೆಲವು ದಿನಗಳಲ್ಲಿ ನಡುವೆ ಮೆತ್ತಗಾಗಿ ಬಾಯಿ ತೆರೆಯುತ್ತದೆ. ರೆಪ್ಪೆಯಂಚಿನ ಕಣ್ಕುಟಿಗೆಯೂ ಬೆರಳ ತುದಿಯ ಉಗುರುಸುತ್ತೂ ಬಹುಮಟ್ಟಿಗೆ ಇದೇ ಗೊಂಚಲಾಣುವಿನ ಕೆಲಸ. ಹಲವು ಕುರುಗಳು ಒಳಗೊಳಗೇ ಕೂಡಿಕೊಂಡು ಅನೇಕ ಬಾಯಿಗಳಿಂದ ಕೀವು ಸುರಿಸುವುದನ್ನೇ ಹಿರಿಯರು ಬೆನ್ನುಫಣಿ ಎಂದು ಹೆದರುತ್ತಿದ್ದರು. ಕುತ್ತಿಗೆಯ ಹಿಂಭಾಗ ಮತ್ತು ಬೆನ್ನು ಅದರ ಸ್ಥಾನ.

ಈ ವಿಷಯದಲ್ಲಿ ನಮ್ಮ ಪ್ರಾಚೀನರ ನೋಟ ಎಷ್ಟು ಸೂಕ್ಷ್ಮವಾಗಿತ್ತೆಂಬುದನ್ನು ಹೇಳದಿರಲಾರೆ. ಪ್ರಮೇಹವುಳ್ಳವರಿಗೆ ಇಂತಹ ಪಿಡಕೆಗಳು ವಿಶೇಷವಾಗಿ ಏಳುತ್ತವೆಂದು ಚರಕ ಸುಶ್ರುತರಿಬ್ಬರೂ ಹೇಳಿದ್ದಾರೆ. ಚರಕ ಸಂಹಿತೆ ಅವುಗಳಲ್ಲಿ 7 ಬಗೆಗಳನ್ನು, ಸುಶ್ರುತ ಸಂಹಿತೆ 10 ಬಗೆಗಳನ್ನು ಎಣಿಸುತ್ತದೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಾಗ ದೇಹದ ರಕ್ಷಕ ಕಣಗಳು ಮಂದವಾಗುವುದರಿಂದ ಕುರುಗಳು ಮೇಲಿಂದ ಮೇಲೆ ಏಳುತ್ತವೆಂದು ಇಂದಿನ ವೈದ್ಯರೂ ಹೇಳುತ್ತಾರೆ. ನಲವತ್ತು ದಾಟಿದವರಿಗೆ ಪದೇ ಪದೇ ಕುರುವಾದರೆ ಮೊದಲು ಮಾಡಿಸಬೇಕಾದುದು ಸಕ್ಕರೆಯ ಪರೀಕ್ಷೆ. ಬಾವು ಹಣ್ಣಾಗಿದೆಯೋ ಇಲ್ಲವೋ ಎಂದು ತಿಳಿಯುವುದಕ್ಕೇ ಸುಶ್ರುತರು ಸೂತ್ರಸ್ಥಾನದಲ್ಲಿ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾರೆ. ಹಣ್ಣಾಗದ ಬಾವಿಗೆ ಶಸ್ತ್ರವಿಡುವ ಅವಸರವನ್ನೂ ಹಣ್ಣಾದುದನ್ನು ಹಾಗೆಯೇ ಬಿಡುವ ಆಲಸ್ಯವನ್ನೂ ಅವರು ಸಮನಾಗಿ ಖಂಡಿಸುತ್ತಾರೆ. ನಮ್ಮ ಮನೆಗಳಲ್ಲಿ ನಡೆಯುವ ಎರಡು ತಪ್ಪುಗಳೂ ಇವೇ: ಹಸಿ ಕುರುವನ್ನು ಹಿಚುಕುವುದು, ಕೀವು ತುಂಬಿದ ಬಾವನ್ನು ಮುಚ್ಚಿಟ್ಟುಕೊಳ್ಳುವುದು.

ಹಿಚುಕಿದರೆ ಕೀವು ಹೊರಗೆ ಬರುವಷ್ಟೇ ಒಳಗೂ ನುಗ್ಗುತ್ತದೆ. ಅದರಲ್ಲಿಯೂ ಮೂಗು ಮತ್ತು ಮೇಲ್ದುಟಿಯ ಸುತ್ತಲಿನ ಕುರುವನ್ನು ಎಂದಿಗೂ ಹಿಚುಕಬಾರದು. ಅಲ್ಲಿಯ ರಕ್ತನಾಳಗಳು ಮಿದುಳಿನ ಬುಡದ ನಾಳಗಳೊಡನೆ ಸಂಪರ್ಕ ಹೊಂದಿವೆ. ಅಜ್ಜಿಯರು ಅಗಸಿಬೀಜವನ್ನು ಅರೆದು ಬಿಸಿಮಾಡಿ ಕಟ್ಟುತ್ತಿದ್ದ ಪಟ್ಟಿನಲ್ಲಿ ತಥ್ಯವಿತ್ತು: ಬಿಸಿ ತಗಲಿದರೆ ಕುರು ಬೇಗ ಹಣ್ಣಾಗುತ್ತದೆ. ಶುಭ್ರ ಬಟ್ಟೆಯನ್ನು ಸಹಿಸುವಷ್ಟು ಬಿಸಿನೀರಿನಲ್ಲಿ ಅದ್ದಿ, ದಿನಕ್ಕೆ ಮೂರು ನಾಲ್ಕು ಸಲ ಹತ್ತು ಹದಿನೈದು ನಿಮಿಷ ಇಟ್ಟರೆ ಅದೇ ಫಲ ದೊರೆಯುತ್ತದೆ. ದೊಡ್ಡ ಬಾವನ್ನು ಮಾತ್ರ ವೈದ್ಯರೇ ಕೊಯ್ದು ಕೀವು ತೆಗೆಯಬೇಕು.

ತಾಯಂದಿರ ಒಂದು ತೊಂದರೆಯನ್ನೂ ಇಲ್ಲಿ ಹೇಳಬೇಕು. ಬಾಣಂತಿಯರಿಗೆ ಮೊಲೆತೊಟ್ಟಿನ ಬಿರುಕಿನಿಂದ ಇದೇ ಗೊಂಚಲಾಣು ಸೇರಿ ಮೊಲೆಬಾವು ಬರುತ್ತದೆ. ಚಳಿಜ್ವರ, ಒಂದು ಭಾಗ ಕೆಂಪಾಗಿ ಗಟ್ಟಿಯಾಗುವುದು ಅದರ ಲಕ್ಷಣ. ಸಂಕೋಚದಿಂದ ಬಾಯಿಬಿಡದೆ ಅವರು ದಿನಗಳನ್ನು ಕಳೆಯುತ್ತಾರೆ; ಮಗುವಿಗೆ ಹಾಲು ಬಿಡಿಸಬೇಕೆಂಬ ಸಲಹೆಯನ್ನೂ ಕೆಲವರು ಕೊಡುತ್ತಾರೆ. ಸಾಮಾನ್ಯವಾಗಿ ಹಾಲೂಡಿಸುವುದನ್ನು ಮುಂದುವರಿಸುವುದೇ ಹಿತವೆಂದು ವೈದ್ಯರು ಹೇಳುತ್ತಾರೆ. ಅತ್ತೆಯಾದವರು ಈ ವಿಷಯದಲ್ಲಿ ತಾಯಿಯಂತೆ ತಾವೇ ಕೇಳಿ ತಿಳಿದುಕೊಳ್ಳಬೇಕು.

ಅಣ್ಣನ ಕಾಲು

ನನ್ನ ಅಣ್ಣ ಒಕ್ಕಲುತನ ಮಾಡಿಕೊಂಡಿದ್ದವರು. 2011ರ ಹಿಂಗಾರು ಬಿತ್ತನೆಯ ಕಾಲದಲ್ಲಿ ಅವರ ಅಂಗಾಲಿಗೆ ಜಾಲಿಮುಳ್ಳು ಚುಚ್ಚಿತು. ಮುಳ್ಳನ್ನು ಕಿತ್ತು, ಆ ಗಾಯಕ್ಕೆ ಸುಣ್ಣ ಬೆಲ್ಲ ಹಚ್ಚಿ ಮತ್ತೆ ಎರೆಭೂಮಿಗೆ ಇಳಿದರು. ಎರಡು ದಿನದಲ್ಲಿ ಪಾದ ಕೆಂಪಾಗಿ ಬಾತಿತು. ಅತ್ತಿಗೆ ಆಸ್ಪತ್ರೆಯ ಮಾತೆತ್ತಿದಾಗ, “ಏನಾಗೂದಿಲ್ಲ ಬಿಡ, ಉಷ್ಣ ಆಗೇತಿ, ಮಜ್ಜಿಗಿ ಕುಡದ್ರ ಇಳೀತೈತಿ” ಎಂದರಂತೆ. ಊರಿನಲ್ಲಿ ಸೂಜಿ ಹಾಕುವ ಒಬ್ಬರು ಒಂದು ಸೂಜಿ ಹಾಕಿ ಎರಡು ದಿನದ ಗುಳಿಗೆ ಕೊಟ್ಟರು. ನೋವು ಸ್ವಲ್ಪ ಇಳಿದಂತಾಗಿ ಮತ್ತೆ ಏರಿತು. ಐದನೆಯ ದಿನ ಅವರ ಮಗ ನನಗೆ ಫೋನು ಮಾಡಿ, “ಕಾಕಾ, ಅಪ್ಪಗ ರಾತ್ರಿಯಿಂದ ಚಳಿಜ್ವರ ಬಂದೈತ್ರಿ, ಕೆಂಪು ಮೊಣಕಾಲತನಕ ಏರೇತಿ, ಏನೇನೋ ಬಡಬಡಸಾಕತ್ತಾನ” ಎಂದ.

ನಗರದ ಆಸ್ಪತ್ರೆಯಲ್ಲಿ ನೋಡಿದಾಗ ಅಣ್ಣನಿಗೆ ಸಕ್ಕರೆ ರೋಗವಿರುವುದು ಮೊದಲ ಸಲ ತಿಳಿಯಿತು. ಎಷ್ಟು ವರ್ಷದಿಂದ ಇತ್ತೋ ಏನೋ! ಅದರಿಂದಾಗಿ ಪಾದದ ಸ್ಪರ್ಶಜ್ಞಾನ ಕುಂದಿ, ಮುಳ್ಳಿನ ತುಂಡು ಒಳಗೆ ಉಳಿದುದೂ ಅವರಿಗೆ ಗೊತ್ತಾಗಿರಲಿಲ್ಲ. ಚರ್ಮದ ಕೆಳಗಿನ ಪದರಗಳಲ್ಲಿ ಹೀಗೆ ಹರಡುವ ಸೋಂಕಿಗೆ ಸೆಲ್ಯುಲೈಟಿಸ್ ಎನ್ನುತ್ತಾರೆ. ಕೆಂಪು, ಬಾವು, ಬಿಸಿ, ನೋವು ಈ ನಾಲ್ಕೂ ಕೂಡಿ, ಅಂಚು ಸ್ಪಷ್ಟವಿಲ್ಲದೆ ದಿನದಿಂದ ದಿನಕ್ಕೆ ಹಬ್ಬುವುದು ಇದರ ಲಕ್ಷಣ. ಇನ್ನೂ ಮೇಲಿನ ಪದರದಲ್ಲಿ, ಅಂಚು ಎದ್ದು ಸ್ಪಷ್ಟವಾಗಿ ಕಾಣುವಂತೆ ಹಬ್ಬುವುದು ಎರಿಸಿಪೆಲಸ್. ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವಿಸರ್ಪವೆಂಬ ಹೆಸರಿನಲ್ಲಿ ವರ್ಣಿತವಾದ ವ್ಯಾಧಿಯನ್ನು ಇದರೊಡನೆ ಹೋಲಿಸುವುದುಂಟು. ಎಲ್ಲ ಕಡೆ ಸರಿಯುವುದೆಂಬುದೇ ಆ ಹೆಸರಿನ ಅರ್ಥ.

ಅಣ್ಣನ ಪ್ರಾಣ ಉಳಿಯಿತು. ಎರಡು ಬೆರಳುಗಳನ್ನೂ ಪಾದದ ಒಂದಿಷ್ಟು ಭಾಗವನ್ನೂ ತೆಗೆಯಬೇಕಾಯಿತು. ಎತ್ತು ಮಾರಿ, ಹೊಲವನ್ನು ಪಾಲಿಗೆ ಕೊಟ್ಟರು. ಮೊದಲ ದಿನವೇ ಬಂದಿದ್ದರೆ ಮುಳ್ಳು ತೆಗೆದು ಒಂದು ವಾರದ ಔಷಧದಲ್ಲಿ ಮುಗಿಯಬಹುದಾಗಿದ್ದ ಸಂಗತಿಯೆಂದು ಶಸ್ತ್ರವೈದ್ಯರು ಹೇಳಿದಾಗ ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಇಂದು ಅಣ್ಣ ಮನೆಯಲ್ಲಿಯೂ ಪಾದರಕ್ಷೆ ಹಾಕಿಕೊಂಡೇ ನಡೆಯುತ್ತಾರೆ. ಪ್ರತಿ ರಾತ್ರಿ ಊಟದ ನಂತರ ಮೊಮ್ಮಗಳು ದೀಪ ಹಿಡಿದು ಅಜ್ಜನ ಅಂಗಾಲು ನೋಡಿ, “ಅಜ್ಜಾ, ಇವತ್ತ ಏನೂ ಇಲ್ಲ” ಎಂದು ವರದಿ ಕೊಟ್ಟ ಮೇಲೆಯೇ ಅವರ ನಿದ್ದೆ.

ಅರ್ಧಕ್ಕೆ ಬಿಟ್ಟ ಔಷಧ

ಎರಡು ದಿನದ ಗುಳಿಗೆಯ ವಿಷಯವನ್ನು ಇನ್ನಷ್ಟು ವಿವರಿಸಬೇಕು. 1928ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು ಬೆಳೆಸಿದ್ದ ಇದೇ ಗೊಂಚಲಾಣುವಿನ ತಟ್ಟೆಯಲ್ಲಿ ಬೂಷ್ಟು ಬೆಳೆದು, ಅದರ ಸುತ್ತಲಿನ ರೋಗಾಣುಗಳು ಕರಗಿದ್ದವು. ಪೆನಿಸಿಲಿನ್ ಹುಟ್ಟಿದ್ದು ಹೀಗೆ. 1941ರ ಫೆಬ್ರುವರಿಯಲ್ಲಿ ಆಕ್ಸ್‌ಫರ್ಡಿನಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸರಿಗೆ ಅದನ್ನು ಕೊಟ್ಟು ನೋಡಿದರು. ಮುಖದಲ್ಲಿ ಆರಂಭವಾದ ಸೋಂಕು ಹಬ್ಬಿ ಅವರು ಆಗಲೇ ಒಂದು ಕಣ್ಣನ್ನು ಕಳೆದುಕೊಂಡಿದ್ದರು. ಔಷಧ ಕೊಟ್ಟ ಕೆಲವೇ ದಿನಗಳಲ್ಲಿ ಜ್ವರ ಇಳಿದು ಊಟಮಾಡುವಂತಾದರು. ಆದರೆ ಔಷಧ ಅತ್ಯಲ್ಪವಿತ್ತು. ಅವರ ಮೂತ್ರದಿಂದಲೇ ಅದನ್ನು ಮತ್ತೆ ಸೋಸಿ ಕೊಟ್ಟರೂ ಸಾಲದೆ ಹೋಗಿ, ಸೋಂಕು ಮರುಕಳಿಸಿ, ಮಾರ್ಚ್ ತಿಂಗಳಲ್ಲಿ ಅವರು ತೀರಿಕೊಂಡರು. ಔಷಧ ದೊರೆಯದೆ ಅರ್ಧಕ್ಕೆ ನಿಂತ ಚಿಕಿತ್ಸೆ ಅದು. ಇಂದು ಕೈಯಲ್ಲಿ ಔಷಧವಿದ್ದೂ ನಾವು ಅರ್ಧಕ್ಕೆ ನಿಲ್ಲಿಸುತ್ತೇವೆ!

ಸಾಲದಷ್ಟು ಪ್ರಮಾಣದಲ್ಲಿ ಔಷಧ ತೆಗೆದುಕೊಂಡರೆ ರೋಗಾಣುಗಳು ಅದನ್ನು ಎದುರಿಸಲು ಕಲಿಯುತ್ತವೆಂದು ಫ್ಲೆಮಿಂಗ್ 1945ರಲ್ಲಿಯೇ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಎಚ್ಚರಿಸಿದ್ದರು. ಹಾಗೆಯೇ ಆಯಿತು. ಪೆನಿಸಿಲಿನ್ನಿಗೆ ಬಗ್ಗದ ಗೊಂಚಲಾಣುವಿಗಾಗಿ 1959ರಲ್ಲಿ ಮೆಥಿಸಿಲಿನ್ ಬಂದಿತು. 1961ರ ಹೊತ್ತಿಗೆ ಅದಕ್ಕೂ ಬಗ್ಗದ ತಳಿ ಇಂಗ್ಲೆಂಡಿನಲ್ಲಿ ಕಂಡಿತು. ಇಂದು ನಮ್ಮ ದೇಶದ ಆಸ್ಪತ್ರೆಗಳಲ್ಲಿಯೂ ಅಂತಹ ತಳಿಗಳು ಅಪರೂಪವಲ್ಲ. ಅಂಗಡಿಯಲ್ಲಿ ಕೇಳಿ ತಂದ ನಾಲ್ಕು ಗುಳಿಗೆ ನುಂಗುವುದು, ನೋವು ಇಳಿದೊಡನೆ ಉಳಿದುದನ್ನು ಕಪಾಟಿನಲ್ಲಿಟ್ಟು ಮುಂದಿನ ವರ್ಷ ಮಗನಿಗೆ ಕೊಡುವುದು, ಇವು ಉಳಿತಾಯವಲ್ಲ, ಮನೆಗೆ ತರುವ ಸಾಲ.

ಅಂಗಡಿಯ ಮುಲಾಮುಗಳಲ್ಲಿ ಸ್ಟಿರಾಯ್ಡ್ ಬೆರೆತವು ಬಹಳ. ಅವು ಕೆಂಪನ್ನೂ ನವೆಯನ್ನೂ ತಕ್ಷಣ ಅಡಗಿಸುವುದರಿಂದ ಗುಣವಾದಂತೆ ತೋರುತ್ತದೆ. ಚರ್ಮದ ರಕ್ಷಣೆ ಮಾತ್ರ ಕುಗ್ಗಿ ಸೋಂಕು ಬಲಿಯುತ್ತದೆ. 2018ರಲ್ಲಿ ಕೇಂದ್ರ ಸರಕಾರವು ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ಪಟ್ಟಿಗೆ ಸೇರಿಸಿದುದು ಇದಕ್ಕಾಗಿಯೇ.

ಮನೆಯಲ್ಲಿ ಪಾಲಿಸಬೇಕಾದುದು

ಹುಣ್ಣಾದವರ ವಸ್ತ್ರ, ಹಾಸಿಗೆಯ ಹೊದಿಕೆ, ಕ್ಷೌರದ ಕತ್ತಿ, ಉಗುರು ಕತ್ತರಿಸುವ ಸಾಧನ ಇವೆಲ್ಲ ಬೇರೆಯಿರಲಿ. ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಲಿ. ಹುಣ್ಣನ್ನು ಮುಟ್ಟುವ ಮೊದಲೂ ಮುಟ್ಟಿದ ಮೇಲೂ ಸಾಬೂನಿನಿಂದ ಕೈತೊಳೆಯಬೇಕು. ಒಸರುವ ಹುಣ್ಣನ್ನು ಶುಭ್ರ ಬಟ್ಟೆಯಿಂದ ಮುಚ್ಚಬೇಕು. ಗೀರುಗಾಯವನ್ನು ಒಡನೆ ನೀರು ಸಾಬೂನಿನಿಂದ ತೊಳೆಯುವುದೇ ಮೊದಲ ಚಿಕಿತ್ಸೆ.

ಗಾಯಕ್ಕೆ ಸುಣ್ಣ, ಮಸಿ, ಸಗಣಿ, ತಂಬಾಕು ಯಾವುದನ್ನೂ ಹಚ್ಚಬಾರದು. ಭಕ್ತಿಯಿಂದ ವಿಭೂತಿಯನ್ನು ಒಸರುವ ಹುಣ್ಣಿಗೆ ಹಚ್ಚುವವರನ್ನೂ ಕಂಡಿದ್ದೇನೆ. ವಿಭೂತಿಯ ಸ್ಥಾನ ಹಣೆ, ಹುಣ್ಣಲ್ಲ. ಹಣೆಗೆ ಧರಿಸಿ, ಹುಣ್ಣನ್ನು ತೊಳೆದು ವೈದ್ಯರಿಗೆ ತೋರಿಸುವುದರಲ್ಲಿ ಭಕ್ತಿಗೆ ಯಾವ ಕುಂದೂ ಬಾರದು. ಅಡುಗೆಮನೆಯ ಡಬ್ಬಿಯ ಅರಿಸಿನವೂ ಶುದ್ಧೀಕರಿಸಿದ ಔಷಧವಲ್ಲ.

ಕೆಂಪು ಹಬ್ಬುತ್ತಿದೆಯೋ ಎಂಬ ಸಂಶಯವಿದ್ದರೆ ಅದರ ಅಂಚಿನ ಗುಂಟ ಪೆನ್ನಿನಿಂದ ಗೆರೆ ಎಳೆಯಿರಿ. ಕೆಂಪು ಗೆರೆ ದಾಟಿದರೆ ಕಾಯಬಾರದು. ಚಳಿಜ್ವರ ಬಂದರೆ, ಗಾಯದಿಂದ ಕೆಂಪು ಗೀಟು ತೊಡೆಯಸಂದಿಯ ಅಥವಾ ಕಂಕುಳಿನ ಕಡೆಗೆ ಏರಿದರೆ, ನೋಡುವುದಕ್ಕೆ ಅಲ್ಪವಿದ್ದು ನೋವು ಅಸಹನೀಯವಾಗಿದ್ದರೆ, ಚರ್ಮ ಕಪ್ಪಾದರೆ ಅಥವಾ ಗುಳ್ಳೆಯೆದ್ದರೆ, ಮಾತು ತಡವರಿಸಿದರೆ, ಕಣ್ಣಿನ ಸುತ್ತ ಬಾತರೆ, ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಬೇಕು. ಸಕ್ಕರೆ ರೋಗವುಳ್ಳವರೂ ಹಸುಗೂಸುಗಳೂ ಇಷ್ಟನ್ನೂ ಕಾಯದೆ ಮೊದಲ ದಿನವೇ ವೈದ್ಯರನ್ನು ಕಾಣಬೇಕು.

ಉಷ್ಣವೆಂಬ ಮಾತನ್ನು ಹೇಳಿದ ಹಿರಿಯರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಅವರು ಕಂಡಷ್ಟನ್ನು ಹೇಳಿದರು, ಕಂಡುದನ್ನು ಚೆನ್ನಾಗಿಯೇ ಕಂಡರು. ಆದರೆ ಆ ಮಾತು ಇಂದು ವಿಚಾರಣೆಯನ್ನು ಆರಂಭಿಸುವುದಿಲ್ಲ, ಮುಗಿಸಿಬಿಡುತ್ತದೆ. ನಿಮ್ಮ ಮನೆಯಲ್ಲಿ ಇನ್ನು ಮುಂದೆ ಯಾರಾದರೂ ‘ಉಷ್ಣವಾಗಿದೆ’ ಎಂದಾಗ, ಎಳನೀರನ್ನು ಅವಶ್ಯವಾಗಿ ಕೊಡಿ, ಅದರಿಂದ ಕೇಡಿಲ್ಲ. ಕೊಟ್ಟು, ‘ಎಲ್ಲಿ, ತೋರಿಸಿರಿ’ ಎಂದು ಕೇಳಿ, ಬೆಳಕಿಗೆ ಹಿಡಿದು ಕಣ್ಣಾರೆ ನೋಡಿ. ಆ ಎರಡು ಮಾತುಗಳನ್ನು ಕೇಳುವವರಿದ್ದ ಮನೆಯಲ್ಲಿ ಸಣ್ಣ ಗಾಯ ಸಣ್ಣದಾಗಿಯೇ ಮುಗಿಯುತ್ತದೆ.